ಒಂದೇ ಎಳೆಯ ಚುಕ್ಕಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಪಿಟೀಲಿಗೆ,

ಚೆನ್ನಾಗಿದ್ದೀಯಾ ಎಂದು ಕೇಳಿ ಶುರು ಮಾಡುವುದಿಲ್ಲ. ನೀನು ಚೆನ್ನಾಗಿಲ್ಲ ಎನ್ನುವುದು ನನಗೆ ಗೊತ್ತು, ನಾನೂ ಚೆನ್ನಾಗಿಲ್ಲ ಎನ್ನುವುದು ನಿನಗೆ ಗೊತ್ತು, ಆ ಮಾತು ಅಲ್ಲಿಗೆ ಮುಗಿಯಿತು. ನಿಮ್ಮಪ್ಪನ ಕಾರ್ಯ ಮುಗಿಸಿ ಹೋದ ಮೇಲೆ ನೀನು ನನ್ನ ಫೋನು ಎತ್ತಿದ್ದು ಒಂದೇ ಸಲ, ಆಗಲೂ ಮೀಟಿಂಗಿನಲ್ಲಿದ್ದೇನೆ ಅಂದೆ. ಭಾನುವಾರವೂ ಮೀಟಿಂಗ್ ನಡೆಸುವ ಆಫೀಸು ಅದ್ಯಾವುದೋ ದೇವರೇ ಬಲ್ಲ. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಿದರೂ ಓದಿದ ಮೇಲೆಯೇ ಹರಿಯುತ್ತೀಯ, ನಾನು ಹೆತ್ತವಳಲ್ಲವೇ.

ಹೋದ ವಾರ ನೀನು ಕಳಿಸಿದ ಮೆಸೇಜನ್ನು ಎಷ್ಟು ಸಲ ಓದಿದೆನೋ. ಡಬ್ಬಿ ಕಿತ್ತು ಪಾರ್ಸೆಲ್ ಮಾಡಿ ಕಳಿಸು, ಆ ಚುಕ್ಕಿ ಇನ್ನು ಬೇಡ, ನಕ್ಷೆಯಿಂದ ತೆಗೆಯುತ್ತೇನೆ. ಇಷ್ಟೇ. ಅಮ್ಮ ಎನ್ನುವ ಒಂದು ಪದ ಅದರಲ್ಲಿರಲಿಲ್ಲ. ಕೊರಿಯರ್‌ನವನಿಗೆ ಬರೆದ ಹಾಗಿತ್ತು.

ಕಳಿಸುವುದಿಲ್ಲ ಕಣೇ. ನೀನು ಏನು ಬೇಕಾದರೂ ಮಾಡಿಕೋ. ಡಬ್ಬಿ ಫ್ರಿಜ್ಜಿನ ಮೇಲೆ ಇದ್ದಲ್ಲೇ ಇದೆ, ಈಗ ಬರೆಯುತ್ತಾ ಅದರ ಹಸಿರು ದೀಪವನ್ನೇ ನೋಡುತ್ತಿದ್ದೇನೆ.

ಅದನ್ನು ನೀನು ತಂದ ದಿನ ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಸೋಪಿನಷ್ಟು ದೊಡ್ಡ ಬಿಳಿ ಡಬ್ಬಿ. ವೈಫೈ ಪೆಟ್ಟಿಗೆಗೆ ಅದನ್ನು ಸಿಕ್ಕಿಸಿ, ಇಂಥವು ದೇಶದೇಶಗಳಲ್ಲಿ ಯಾರ್ಯಾರದೋ ಮನೆಯಲ್ಲಿವೆ, ಇವುಗಳ ಕಣ್ಣಿನಿಂದ ನೋಡಿಯೇ ನಾವು ಇಂಟರ್ನೆಟ್ಟಿನ ನಕ್ಷೆ ಬರೆಯುವುದು ಎಂದೆ. ನಿಮ್ಮಪ್ಪನಿಗೆ ಕುತೂಹಲ ತಡೆಯಲಿಲ್ಲ. ಅಲ್ಲಮ್ಮಾ, ನಕ್ಷೆ ಅದನ್ನ ಕಟ್ಟಿದೋರ ಹತ್ರಾನೇ ಇರಲ್ವಾ ಅಂದರು. ಯಾರೋ ಒಬ್ರು ಕಟ್ಟಿದ್ದಲ್ಲ ಅಪ್ಪ, ಅವರವರು ಪಕ್ಕದವರಿಗೆ ತಂತಿ ಎಳೆದುಕೊಂಡು ಹೋದ್ರು, ಎಲ್ಲಾ ಸೇರಿ ಯಾವ ಆಕಾರಕ್ಕೆ ಬಂದಿದೆ ಅಂತ ಯಾರಿಗೂ ಗೊತ್ತಿಲ್ಲ ಅಂದೆ ನೀನು. ಮತ್ತೆ ನೀವು ಹೇಗೆ ಬರೀತೀರಿ ಅಂದರು. ಆಗ ನೀನು ಹೇಳಿದ್ದು ನನ್ನ ತಲೆಯಲ್ಲಿ ಹಾಗೇ ಕೂತಿದೆ. ಒಂದೇ ಹೆಜ್ಜೆಯ ಆಯಸ್ಸು ಕೊಟ್ಟು ಒಂದು ಪುಟ್ಟ ಸಂದೇಶ ಕಳಿಸುತ್ತೀರಂತೆ. ಅದು ಮೊದಲ ಕವಲಿನಲ್ಲೇ ಸಾಯುತ್ತದೆ, ಆ ಕವಲಿನ ಯಂತ್ರ ನಿಮ್ಮದು ನನ್ನ ಹತ್ತಿರ ಸತ್ತಿತು ಎಂದು ವಾಪಸು ತಿಳಿಸುತ್ತದೆ. ಮುಂದಿನದಕ್ಕೆ ಎರಡು ಹೆಜ್ಜೆಯ ಆಯಸ್ಸು, ಅದರ ಮುಂದಿನದಕ್ಕೆ ಮೂರು. ಹಾಗೆ ಬಂದ ಉತ್ತರಗಳನ್ನೆಲ್ಲ ಸೇರಿಸಿ ಗೆರೆ ಎಳೆದರೆ ದಾರಿ ಕಾಣುತ್ತದೆ.

ನಿಮ್ಮಪ್ಪ, ಏನೇ ಪಿಟೀಲು ಇದು, ಸಾವಿನ ಸುದ್ದಿ ಪೋಣಿಸಿ ಚಿತ್ರ ಬರೆಯೋ ಕೆಲಸಾನಾ, ಬೇರೆ ಏನೂ ಸಿಗಲಿಲ್ವಾ ಅಂದರು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಸುಗೂಸಾಗಿದ್ದಾಗ ಒಂದೇ ಸಮನೆ ಕುಯ್ಯೋ ಅಂತಿದ್ದೆ ಎಂದು ಅವರಿಟ್ಟ ಹೆಸರು ಅದು, ಪಿಟೀಲು. ಈಗ ಹಾಗೆ ಕರೆಯಲು ನಾನೊಬ್ಬಳೇ ಉಳಿದಿದ್ದೇನೆ.

ಮೊದಲ ನಕ್ಷೆ ಅಚ್ಚಾಗಿ ಬಂದಾಗ ನನಗೆ ಕಂಡದ್ದು ಬಾಚಣಿಗೆಯಿಂದ ತೆಗೆದ ಕೂದಲುಂಡೆ. ಹಾಗಂದೆ ಅಂತ ಅಪ್ಪ ಮಗಳು ಇಬ್ಬರೂ ಆ ದಿನವೆಲ್ಲ ನನ್ನ ಹತ್ತಿರ ಮಾತು ಬಿಟ್ಟಿರಿ. ನಡುವೆ ಗಿಜಿಗಿಜಿ ಬೆಳಕು, ಅಂಚಿಗೆ ಬಂದ ಹಾಗೆ ಕೊಂಬೆ, ಕೊಂಬೆಗೆ ಎಳೆ, ಎಳೆಯ ತುದಿಗೊಂದು ಚುಕ್ಕಿ. ಅದಕ್ಕೆ ನೀನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಇದು ನಮ್ಮ ಮನೆ ಅಂದೆ. ನಡುವೆ ಇರೋರಿಗೆ ಸಾವಿರ ದಾರಿ ಅಪ್ಪ, ನಿಮಗೆ ಒಂದೇ ಎಳೆ, ಅದು ಕಿತ್ತರೆ ಉದುರಿದಿರಿ ಅಂತಲೂ ಅಂದೆ. ಅವರು ಅದನ್ನು ತಮ್ಮ ಕನ್ನಡಕದ ಅಂಗಡಿಗೆ ಒಯ್ದು, ಕಣ್ಣು ಪರೀಕ್ಷೆ ಮಾಡುವ ಅಕ್ಷರದ ಹಲಗೆ ಇಳಿಸಿ, ಆ ಜಾಗದಲ್ಲಿ ನೇತು ಹಾಕಿದರು. ಬಂದವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ, ಆ ಕೆಂಪು ಸುತ್ತಿನೊಳಗೆ ಚುಕ್ಕಿ ಕಾಣುತ್ತಾ, ಅದು ನನ್ನ ಮನೆ, ಬರೆದೋಳು ನನ್ನ ಮಗಳು ಎನ್ನುವುದು. ಕಾಣುವುದಿಲ್ಲ ಅಂದವರಿಗೆ ಪವರ್ ಹೆಚ್ಚಿಸುವುದು. ಈ ಬೀದಿಯ ಅರ್ಧ ಜನರ ಕನ್ನಡಕ ನಿನ್ನ ನಕ್ಷೆಯ ಮೇಲೆ ನಿಂತಿದೆ.

ಒಂದು ಸಲ ನಾನು ಕಸ ಗುಡಿಸುವಾಗ ಡಬ್ಬಿಯ ವೈರು ಕಿತ್ತು ಬಂದಿತ್ತಲ್ಲ. ಅರ್ಧ ಗಂಟೆಯೊಳಗೆ ನಿನ್ನ ಫೋನು. ಅಪ್ಪಾ, ಚುಕ್ಕಿ ಆರಿಹೋಗಿದೆ, ಎಲ್ಲ ಸರಿ ಇದ್ದೀರಾ ಅಂತ. ನಿಮ್ಮಪ್ಪ ನನ್ನನ್ನು ಬಾಯಿಗೆ ಬಂದ ಹಾಗೆ ಬೈದರು. ಮಗು ಅಲ್ಲಿ ಗಾಬರಿ ಬೀಳುತ್ತೆ, ನಿನಗೆ ಪೊರಕೆಯೇ ಹೆಚ್ಚಾಯ್ತಾ ಅಂದರು. ಮಾರನೇ ದಿನವೇ ಕರೆಂಟು ಹೋದರೂ ನಡೆಯುವಂಥ ಒಂದು ಬ್ಯಾಟರಿ ತಂದಿಟ್ಟರು. ಮನೆಯೆಲ್ಲ ಕತ್ತಲು, ಡಬ್ಬಿಯದೊಂದೇ ದೀಪ. ಅಂದಿನಿಂದ ಅವರ ತಲೆಯಲ್ಲಿ ಒಂದು ವಿಷಯ ಗಟ್ಟಿಯಾಗಿ ಕೂತಿತು. ಚುಕ್ಕಿ ಉರಿಯುತ್ತಿದ್ದರೆ ನೀನು ನೆಮ್ಮದಿಯಾಗಿರುತ್ತೀಯ.

ಕೈ ನೋಯುತ್ತಿದೆ. ನಾಳೆ ಬರೆಯುತ್ತೇನೆ.

ಸೋಮವಾರ

ಈಗ ನೀನು ಕೇಳಲು ಇಷ್ಟಪಡದ ಭಾಗ. ಆದರೂ ಕೇಳು. ನೀನು ಇಲ್ಲಿಂದ ಹೊರಟ ದಿನ ಕೂಗಾಡುತ್ತಿದ್ದೆ, ನಾನು ಅಳುತ್ತಿದ್ದೆ, ಇಬ್ಬರೂ ಪೂರ್ತಿ ಮಾತಾಡಲಿಲ್ಲ.

ನಿಮ್ಮಪ್ಪನಿಗೆ ಮೊದಲ ಸಲ ಎದೆಯ ಆಪರೇಷನ್ ಆದಾಗ ನೀನು ಆಗ ಬರೆಯುತ್ತಿದ್ದ ನಕ್ಷೆಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದೆ. ವಾಪಸು ಹೋಗುವಷ್ಟರಲ್ಲಿ ನಕ್ಷೆ ಮುಗಿದಿತ್ತು, ಕೆಳಗೆ ಬೇರೆಯವರ ಹೆಸರಿತ್ತು. ನೀನು ಹೋಗಲಿ ಬಿಡಪ್ಪ ಅಂದೆ. ಅವರು ಬಿಡಲಿಲ್ಲ. ಅಂಗಡಿಯಲ್ಲಿ ಲೆನ್ಸು ಉಜ್ಜುತ್ತಾ ಕೂತವರು ಇದ್ದಕ್ಕಿದ್ದ ಹಾಗೆ, ನನ್ನ ದರಿದ್ರ ಎದೆ ನೋವು ಅವಳ ಹೆಸರನ್ನ ತಿಂದು ಹಾಕಿತು ಎನ್ನುತ್ತಿದ್ದರು. ಹಾಗಾಗಿ ಈ ಸಲ ಶ್ವಾಸಕೋಶದಲ್ಲಿ ನೀರು ತುಂಬಿದೆ, ಅಡ್ಮಿಟ್ ಆಗಿ ಎಂದು ಡಾಕ್ಟರು ಹೇಳಿದಾಗ ನಿಮ್ಮಪ್ಪ ಮೊದಲು ಮಾಡಿದ ಕೆಲಸ ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡದ್ದು. ಅವಳು ಈಗ ಬರೀತಿರೋ ದೊಡ್ಡ ನಕ್ಷೆ ಮುಗಿಯೋವರೆಗೂ ಒಂದಕ್ಷರ ಹೇಳಕೂಡದು, ನನ್ನಾಣೆ ಅಂದರು. ಎರಡನೆಯ ಕೆಲಸ ಫ್ರಿಜ್ಜಿನ ಮೇಲಿನ ಡಬ್ಬಿ ಬಿಚ್ಚಿ ಚೀಲಕ್ಕೆ ಹಾಕಿದ್ದು. ಟವೆಲ್ಲು, ಬ್ರಷ್ಷು, ಮಾತ್ರೆ ಎಲ್ಲ ಅದರ ನಂತರ.

ಮನೆಯಲ್ಲೇ ಇರಲಿ ಬಿಡಿ, ಉರಿಯುತ್ತಾ ಇರುತ್ತಲ್ಲ ಅಂದೆ. ಮನೆಗೆ ಬೀಗ ಹಾಕ್ತೀವಿ, ಕರೆಂಟು ಹೋಗಿ ಬ್ಯಾಟರಿ ಮುಗಿದರೆ ನೋಡೋರು ಯಾರು ಅಂದರು. ನನಗೆ ಆ ಮಾತು ಸರಿ ಎನಿಸಿತು. ವಾರ್ಡಿನ ಸಿಸ್ಟರು ಒಳ್ಳೆಯವಳು. ಮೇಲಿನವರನ್ನು ಕೇಳಿ, ಟಿವಿಯ ಹಿಂದಿದ್ದ ಆಸ್ಪತ್ರೆಯ ಲೈನಿಗೆ ಡಬ್ಬಿ ಸಿಕ್ಕಿಸಿಕೊಟ್ಟಳು. ಹಸಿರು ದೀಪ ಹತ್ತಿದ ಮೇಲೆಯೇ ನಿಮ್ಮಪ್ಪ ದಿಂಬಿಗೆ ತಲೆ ಕೊಟ್ಟದ್ದು.

ಆ ದಿನಗಳಲ್ಲಿ ನಿನಗೆ ಫೋನು ಮಾಡಲಿಲ್ಲ, ಬರೀ ಮೆಸೇಜು. ಫೋನಿನಲ್ಲಿ ನನಗೆ ಸುಳ್ಳು ಬರುವುದಿಲ್ಲ, ಹಲೋ ಅನ್ನುವಷ್ಟರಲ್ಲಿ ಹಿಡಿದುಬಿಡುತ್ತೀಯ. ಬರವಣಿಗೆಯಲ್ಲಾದರೆ ನಾನು ಎಂಥದ್ದನ್ನೂ ಮುಚ್ಚಿಡಬಲ್ಲೆ. ಅಪ್ಪ ಏನು ಮಾಡ್ತಿದ್ದಾರೆ ಅಂತ ನೀನು ಕೇಳಿದೆ, ಮಲಗಿದ್ದಾರೆ ಅಂತ ನಾನು ಬರೆದೆ. ಮಲಗಿಯೇ ಇದ್ದರಲ್ಲ.

ನಮಗೆ ದೀಪ ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ. ಡಬ್ಬಿ ಬೇರೆ ಲೈನಿಗೆ ಸೇರಿದರೆ ಚುಕ್ಕಿ ಬೇರೆ ಕೊಂಬೆಗೆ ಹೋಗುತ್ತದೆ, ಅದು ನಿನ್ನ ಕಣ್ಣಿಗೆ ಬೀಳುತ್ತದೆ ಎನ್ನುವುದು ನನಗಂತೂ ಹೊಳೆಯಲೇ ಇಲ್ಲ. ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ನೀನು ನೆಲದ ಮೇಲೆ ಕೂತು, ಲ್ಯಾಪ್‌ಟಾಪು ತೆರೆದು, ನೋಡು ಇಲ್ಲಿಗೆ ಹಾರಿತ್ತು ಅಂತ ತೋರಿಸಿದಾಗಲೇ ತಿಳಿದದ್ದು. ನೀನು ಹೇಳಿದೆ. ಕೆಲಸದ ಕೊನೆಯ ವಾರ, ಸಾವಿರಾರು ಚುಕ್ಕಿ, ನಮ್ಮದೊಂದು ಇದ್ದಕ್ಕಿದ್ದಂತೆ ಜಾಗ ಬಿಟ್ಟಿದೆ. ಅಪ್ಪ ಮತ್ತೆ ಯಾವುದೋ ಆಫರ್ ನೋಡಿ ಕನೆಕ್ಷನ್ ಬದಲಾಯಿಸಿದ್ದಾರೆ ಅಂತ ನೀನು ಅಂದುಕೊಂಡೆ. ಅವರು ಹಾಗೆ ಬದಲಾಯಿಸುತ್ತಲೇ ಇದ್ದರಲ್ಲ, ಅದಕ್ಕೆ ನಿನಗೂ ಅವರಿಗೂ ಎಷ್ಟು ಸಲ ಜಗಳವಾಗಿಲ್ಲ. ಅಳತೆಯ ನಡುವೆ ಓಡಾಡುವ ಚುಕ್ಕಿಯನ್ನು ಹೆಚ್ಚು ದಿನ ಇದ್ದ ಜಾಗದಲ್ಲೇ ಇಡಬೇಕು, ಅದು ನಿಮ್ಮ ಕೆಲಸದ ಪದ್ಧತಿ. ಪದ್ಧತಿಯ ಪ್ರಕಾರವೇ ಮಾಡಿದೆ. ಅಪ್ಪನಿಗೆ ಬೈದುಕೊಳ್ಳುತ್ತಾ ನಿನ್ನ ಕೈಯಿಂದಲೇ ಅದನ್ನು ಎಳೆದು ತಂದು ಮನೆಯ ಕೊಂಬೆಗೆ ಕೂರಿಸಿದೆ. ಆ ಲೈನು ಯಾರದು ಎಂದು ಹೆಸರು ನೋಡಲಿಲ್ಲ. ನೋಡಿದ್ದರೆ ಆಸ್ಪತ್ರೆಯ ಹೆಸರು ಇಷ್ಟು ದಪ್ಪಕ್ಕೆ ಇತ್ತು ಅಂದೆ.

ಆಮೇಲಿನದನ್ನು ನೀನು ಹೇಳಲೇಬೇಕಿರಲಿಲ್ಲ. ಆದರೆ ಹೇಳಿದೆ. ನಿಮ್ಮಪ್ಪ ಹೋದ ದಿನ ನಾನು ಡಬ್ಬಿಯನ್ನು ಮರೆತೇಬಿಟ್ಟಿದ್ದೆ, ಸಿಸ್ಟರು ಮೆಟ್ಟಿಲ ತನಕ ಓಡಿಬಂದು ಕೈಗಿಟ್ಟಳು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಮೊದಲು ಅದನ್ನೇ ಸಿಕ್ಕಿಸಿದೆ. ಅಲ್ಲಿ ನಿನ್ನ ಪರದೆಯ ಮೇಲೆ ಚುಕ್ಕಿ ಮನೆಗೆ ವಾಪಸು ಬಂತು. ನಾನು ಮಾಡಿದ್ದೇ ಸರಿ ಅಂತ ನೀನು ಖುಷಿಪಟ್ಟೆಯಂತೆ. ಪಕ್ಕದ ಸೀಟಿನವಳಿಗೆ ತೋರಿಸಿದೆಯಂತೆ. ಅಷ್ಟರಲ್ಲಿ ಅಪ್ಪ ಹೋದರು ಎನ್ನುವ ನನ್ನ ಫೋನು.

ಅಯ್ಯೋ ಮಗಳೇ. ಅದನ್ನು ಹೇಳುವಾಗ ನಿನ್ನ ಮುಖ ನೋಡಲಾಗಲಿಲ್ಲ ನನಗೆ. ನಾನು ಹತ್ತಿರ ಬಂದರೆ ನೀನು ಕೈ ಕೊಡವಿದೆ. ಒಂದು ಫೋನ್ ಮಾಡೋಕೆ ನಿನಗೇನು ರೋಗ ಬಂದಿತ್ತು ಅಂದೆ. ನನ್ನನ್ನ ಅಪ್ಪನಿಂದ ದೂರ ಇಟ್ಟೋಳು ನೀನೇ ಅಂದೆ. ಹೇಳದೆ ಕೇಳದೆ ಹೊರಟುಹೋದೆ. ನಾನು ಬಾಗಿಲವರೆಗೂ ಬಂದೆ, ನೀನು ತಿರುಗಿ ನೋಡಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಸಿಟ್ಟಿರುವುದು ನಿಮ್ಮಪ್ಪನ ಮೇಲೆ. ಆಣೆ ಹಾಕಿಸಿಕೊಂಡು ತಾವು ಆರಾಮಾಗಿ ಹೋದರು, ತಾಯಿ ಮಗಳನ್ನು ಎದುರುಬದುರು ನಿಲ್ಲಿಸಿ ಹೋದರು. ಅವರ ಫೋಟೋದ ಮುಂದೆ ನಿಂತು ದಿನಾ ಬೈಯುತ್ತೇನೆ. ಮೊದಲೂ ಉತ್ತರ ಕೊಡುತ್ತಿರಲಿಲ್ಲ, ಈಗಂತೂ ಕೇಳುವುದೇ ಬೇಡ.

ಮಂಗಳವಾರ

ನಿನ್ನೆ ಬರೆದದ್ದನ್ನು ಓದಿದೆ. ಒಂದು ವಿಷಯ ಬಿಟ್ಟಿದ್ದೇನೆ. ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ಒದ್ದಾಡಿದೆ. ನಮ್ಮಿಬ್ಬರ ನಡುವೆ ಮುಚ್ಚಿಟ್ಟದ್ದು ಸಾಕು ಎನಿಸಿ ಬರೆಯುತ್ತಿದ್ದೇನೆ.

ವಾರ್ಡಿನಲ್ಲಿ ದಿನಾ ಸಂಜೆ ನಿಮ್ಮಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದರು. ಪಿಟೀಲು ಫೋನ್ ಮಾಡಿದ್ಲಾ, ಚುಕ್ಕಿ ವಿಷ್ಯ ಏನಾದ್ರೂ ಕೇಳಿದ್ಲಾ. ಗುಟ್ಟು ರಟ್ಟಾದೀತು ಎನ್ನುವ ಭಯಕ್ಕೆ ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಇಲ್ಲಾರೀ, ಏನೂ ಕೇಳಿಲ್ಲ, ನೆಮ್ಮದಿಯಾಗಿರಿ ಎನ್ನುತ್ತಿದ್ದೆ. ಅವರು ಗೋಡೆಯ ಕಡೆ ತಿರುಗಿ, ಹಾಗಾದ್ರೆ ಕೆಲಸ ಚೆನ್ನಾಗಿ ನಡೀತಿದೆ ಬಿಡು ಎನ್ನುತ್ತಿದ್ದರು.

ನೀನು ಚುಕ್ಕಿ ಹಾರಿದ್ದನ್ನು ತೋರಿಸಿದ ಮೇಲೆ ಆ ಪ್ರಶ್ನೆ ನನಗೆ ಬೇರೆ ಥರ ಕೇಳಿಸುತ್ತಿದೆ. ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ಆ ನಕ್ಷೆಯನ್ನು ವರ್ಷಗಟ್ಟಲೆ ನೋಡಿದವರು ಅವರು. ಕನೆಕ್ಷನ್ ಬದಲಾಯಿಸಿದಾಗೆಲ್ಲ ಚುಕ್ಕಿ ಅಲ್ಲಾಡಿತು ಅಂತ ನಿನ್ನಿಂದ ಬೈಸಿಕೊಂಡವರೂ ಅವರೇ. ಡಬ್ಬಿ ಕಿತ್ತು ಬೇರೆ ಲೈನಿಗೆ ಹಾಕಿದರೆ ಏನಾಗುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲವೇ? ಬಾಯಿ ಬಿಟ್ಟು ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡರು. ತಾವಾಗಿ ಕರೆಯುವ ಧೈರ್ಯವಿರಲಿಲ್ಲ. ನೀನಾಗಿಯೇ ಕಂಡುಕೊಂಡು ಬಂದರೆ ಬರಲಿ ಎನ್ನುವ ಆಸೆಗೆ ಡಬ್ಬಿ ಹೊತ್ತುಕೊಂಡು ಹೋದರು. ನನಗೆ ಹಾಗೆ ಕಾಣುತ್ತದೆ. ತಪ್ಪಿರಬಹುದು. ಕೇಳಲು ಅವರಿಲ್ಲ.

ಇದನ್ನು ನಿನ್ನನ್ನು ಚುಚ್ಚಲು ಬರೆದೆ ಅಂದುಕೊಂಡರೆ ನಾನು ಸತ್ತ ಹಾಗೆಯೇ. ಅವರು ನಿನಗಾಗಿ ಕಾದರು ಕಣೇ, ಕೋಪದಿಂದ ಕಾಯಲಿಲ್ಲ. ಕೊನೆಯ ಸಂಜೆಯೂ ಕೆಲಸ ಚೆನ್ನಾಗಿ ನಡೀತಿದೆ ಬಿಡು ಅಂದರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಅಷ್ಟೇ.

ಈಗ ನಿನ್ನ ದೊಡ್ಡ ನಕ್ಷೆ ನಿಮ್ಮ ಆಫೀಸಿನ ಹಾಲ್‌ನ ಗೋಡೆ ತುಂಬ ನಿಂತಿದೆ, ಕೆಳಗೆ ನಿನ್ನ ಹೆಸರಿದೆ, ನೀನೊಬ್ಬಳೇ ಅದರ ಮುಂದೆ ಹೋಗುವುದಿಲ್ಲ ಎಂದು ನಿನ್ನ ಗೆಳತಿ ಹೇಳಿದಳು. ಅವಳ ಮೇಲೆ ರೇಗಬೇಡ, ಫೋನು ಮಾಡಿದವಳು ನಾನೇ. ನಕ್ಷೆಯಲ್ಲಿ ಅದೊಂದು ಚುಕ್ಕಿ ಸುಳ್ಳು ಅನ್ನುತ್ತೀಯಂತೆ. ಇರಲಿ ಬಿಡು ಆ ಸುಳ್ಳು. ಆ ದಿನಗಳಲ್ಲಿ ನಿಮ್ಮಪ್ಪ ಮನೆಯಲ್ಲಿ ಇದ್ದದ್ದು ಆ ನಕ್ಷೆಯೊಂದರಲ್ಲೇ. ತೆಗೆಯಬೇಡ. ಡಬ್ಬಿಯನ್ನೂ ಕೇಳಬೇಡ, ಅದು ನನಗೆ ಬೇಕು.

ಅಂಗಡಿಯನ್ನು ಅವರ ಹಳೇ ಸಹಾಯಕ ನೋಡಿಕೊಳ್ಳುತ್ತಿದ್ದಾನೆ. ಅಕ್ಷರದ ಹಲಗೆ ವಾಪಸು ಹಾಕಲೇ ಅಂತ ಕೇಳಿದ, ಮುಟ್ಟಬೇಡ ಅಂದೆ. ಬಾಲ್ಕನಿಯ ಕುಂಡಗಳನ್ನು ಕೆಳಗಿನ ಮನೆಯವಳಿಗೆ ಕೊಟ್ಟೆ, ಬಗ್ಗಿ ನೀರು ಹಾಕಲು ಬೇಜಾರು. ಫ್ರಿಜ್ಜು ತೊಳೆದು ಖಾಲಿ ಮಾಡಿದೆ. ಒಬ್ಬಳಿಗೆ ಎಷ್ಟು ಬೇಕು ಹೇಳು. ಅಕ್ಷರ ಸೊಟ್ಟಗಿದೆ ಅಂತ ನಗಬೇಡ, ಕನ್ನಡಕ ಬದಲಾಯಿಸಬೇಕು, ಪವರ್ ನೋಡಿ ಕೊಡುತ್ತಿದ್ದವರು ಇಲ್ಲ. ಮೆಟ್ಟಿಲು ಹತ್ತಿದರೆ ಒಂದಿಷ್ಟು ಏದುಸಿರು, ವಯಸ್ಸಾಯಿತಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಬೈಯಬೇಕು ಅನಿಸಿದರೆ ಫೋನು ಮಾಡಿ ಬೈ, ಎತ್ತುತ್ತೇನೆ. ನೀನು ಬೈದರೆ ಬೇಜಾರಿಲ್ಲ, ಮಾತು ಬಿಟ್ಟರೆ ತಡೆಯಲಾರೆ.

ನಿನ್ನ ದನಿಗೆ ಕಾದು ಕೂತಿರುವ,
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಬರವಣಿಗೆಯಲ್ಲಿ ಎಂಥದ್ದನ್ನೂ ಮುಚ್ಚಿಡಬಲ್ಲೆ ಎಂದೆನಲ್ಲ, ಮೂರು ದಿನದಿಂದ ಅದನ್ನೇ ಮಾಡುತ್ತಿದ್ದೆ. ಏದುಸಿರು ವಯಸ್ಸಿನದಲ್ಲ, ಎದೆಯ ವಾಲ್ವ್ ಕೆಟ್ಟಿದೆಯಂತೆ, ತಡ ಮಾಡದೆ ಆಪರೇಷನ್ ಆಗಬೇಕಂತೆ. ನಿಮ್ಮಪ್ಪ ಮಾಡಿಕೊಟ್ಟ ಕನ್ನಡಕ ಹಾಕಿಕೊಂಡೇ ಡಾಕ್ಟರು ನನ್ನ ರಿಪೋರ್ಟು ಓದಿದರು. ನಾಳೆ ಅದೇ ಆಸ್ಪತ್ರೆಗೆ ಹೋಗುತ್ತಿದ್ದೇನೆ, ಅದೇ ಸಿಸ್ಟರು ಇದ್ದಾಳೆ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಚುಕ್ಕಿ ಆ ಕೊಂಬೆಗೆ ಹಾರಿರುತ್ತದೆ. ನಿಮ್ಮಪ್ಪನ ಹಾಗೆ ಬಾಯಿ ಮುಚ್ಚಿಕೊಂಡು ಕಾಯಲು ನನಗೆ ಬರುವುದಿಲ್ಲ, ನನಗೆ ಭಯವಾಗುತ್ತಿದೆ ಪಿಟೀಲು. ಈ ಸಲ ಅದನ್ನು ಎಳೆದು ಮನೆಗೆ ತರಬೇಡ. ಅದು ಇರುವಲ್ಲಿಗೆ ನೀನು ಬಾ.